ಒಂಬತ್ತು ತಿಂಗಳಿಗೇ ನಡೆದ ಕೂಸು, ಇನ್ನೂ ನಡೆಯದ ಮಾಣಿ

ಶಿರಸಿ ಕಡೆಯ ಮದುವೆ ಮನೆಗಳಲ್ಲಿ ಎಲೆ ಹಾಕುವ ಮೊದಲು ಒಂದು ಪರೀಕ್ಷೆ ನಡೆಯುತ್ತದೆ. "ಮಾಣಿ ಇನ್ನೂ ನಡಿತ್ನಿಲ್ಯ?" ಎಂದು ಒಬ್ಬರು ಕೇಳುತ್ತಾರೆ. ಉತ್ತರಕ್ಕೂ ಕಾಯದೆ ಮತ್ತೊಬ್ಬರು "ನಮ್ಮನೆ ಕೂಸು ಒಂಬತ್ತು ತಿಂಗ್ಳಿಗೇ ನಡದಿತ್ತು" ಎನ್ನುತ್ತಾರೆ. ಹದಿಮೂರು ತಿಂಗಳ ಮಾಣಿಯ ತಾಯಿಗೆ ಆಮೇಲೆ ಪಾಯಸ ರುಚಿಸುವುದಿಲ್ಲ. ಮರುದಿನ ದೃಷ್ಟಿ ತೆಗೆಯುತ್ತಾರೆ. ವಾರದೊಳಗೆ ಜಾತಕ ಹೊರಗೆ ಬರುತ್ತದೆ, ತಿಂಗಳೊಳಗೆ ಚಕ್ರದ ವಾಕರ್ ಮನೆಗೆ ಬರುತ್ತದೆ. ಕಾರವಾರದ ಅಪಾರ್ಟ್‌ಮೆಂಟುಗಳಲ್ಲಿ ಇದೇ ಪರೀಕ್ಷೆಯನ್ನು ವಾಟ್ಸಾಪ್ ಗುಂಪು ನಡೆಸುತ್ತದೆ, ವಿಡಿಯೋ ಸಮೇತ.

ಅಂಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಓಮನ್ ಮತ್ತು ಅಮೆರಿಕದ 816 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಎಲ್ಲರೂ ಆರೋಗ್ಯವಂತ ಮಕ್ಕಳೇ. ಆದರೂ ಆಸರೆಯಿಲ್ಲದೆ ಕೂತದ್ದು 3.8ರಿಂದ 9.2 ತಿಂಗಳ ನಡುವೆ. ಸ್ವಂತವಾಗಿ ನಡೆದದ್ದು 8.2ರಿಂದ 17.6 ತಿಂಗಳ ನಡುವೆ. ಎಂಟು ತಿಂಗಳಿಗೆ ನಡೆದ ಮಗುವೂ ಸರಿಯೇ, ಹದಿನೇಳಕ್ಕೆ ನಡೆದದ್ದೂ ಸರಿಯೇ. ಇನ್ನು ಅಂಬೆಗಾಲಿನ ವಿಷಯ. ನೂರಕ್ಕೆ ನಾಲ್ಕಕ್ಕಿಂತ ಜಾಸ್ತಿ ಮಕ್ಕಳು ಕೈ ಮತ್ತು ಮೊಣಕಾಲೂರಿ ಹೋಗಲೇ ಇಲ್ಲ. ಕೂತಲ್ಲಿಂದ ಎದ್ದು ನಿಂತರು, ನಡೆದರು, ಅಷ್ಟೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಂತೂ 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು.

ಇಷ್ಟು ಅಗಲದ ವ್ಯತ್ಯಾಸ ಯಾಕೆ? ನನಗೆ ಈ ಪ್ರಶ್ನೆಯೇ ಇಷ್ಟ.

ಹಳೆಯ ಉತ್ತರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಅವರದ್ದು. 1929ರಲ್ಲಿ ಅವರು ಅವಳಿ ಹೆಣ್ಣುಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಒಬ್ಬಳಿಗೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತರಬೇತಿ. ಇನ್ನೊಬ್ಬಳಿಗೆ ಆ ಆರು ವಾರ ಏನೂ ಇಲ್ಲ. ಆಮೇಲೆ 53ನೇ ವಾರದಿಂದ ಎರಡೇ ವಾರ ಕಲಿಸಿದರು. ಅಷ್ಟರಲ್ಲೇ ಅವಳು ತನ್ನ ಅವಳಿ ಸೋದರಿಗೆ ಹೆಚ್ಚುಕಡಿಮೆ ಸರಿಸಮ ಬಂದಳು! ಮಿದುಳು, ನರ ಪಕ್ವವಾದಾಗ ಎಲ್ಲವೂ ತಾನಾಗಿ ಬರುತ್ತದೆ ಎಂದು ಗೆಸೆಲ್ ತೀರ್ಮಾನಿಸಿದರು. ಇಂತಿಷ್ಟು ತಿಂಗಳಿಗೆ ಇಂತಿಂಥದ್ದು ಎಂಬ ಪಟ್ಟಿಗಳು ಜನಪ್ರಿಯವಾದದ್ದು ಅವರಿಂದಲೇ. ಒಂದೇ ಜೋಡಿ ಮಕ್ಕಳಿಂದ ಇಷ್ಟು ದೊಡ್ಡ ತೀರ್ಮಾನ, ಜಾತಕ ಬರೆಯುವವರೂ ನಾಚಬೇಕು.

ಈ ಉತ್ತರ ಸಾಲದು ಎಂದು ತೋರಿಸಿದ್ದು ಹಸುಗೂಸಿನ ಹೆಜ್ಜೆ. ಆಗಷ್ಟೇ ಹುಟ್ಟಿದ ಮಗುವಿನ ಕಂಕುಳಿಗೆ ಕೈಕೊಟ್ಟು ನೆಟ್ಟಗೆ ಹಿಡಿದು ಪಾದ ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಹಾಕುತ್ತದೆ. ಎಡ, ಬಲ, ಎಡ, ಬಲ. ಎರಡು ತಿಂಗಳಾಗುವಷ್ಟರಲ್ಲಿ ಈ ಹೆಜ್ಜೆ ಮಾಯ. ಮಿದುಳು ಬೆಳೆದು ಆ ಹಳೆಯ ಚಲನೆಯನ್ನು ಅದುಮಿಡುತ್ತದೆ ಎಂದೇ ಎಲ್ಲರೂ ನಂಬಿದ್ದರು. ಅಮೆರಿಕದ ವಿಜ್ಞಾನಿ ಎಸ್ತರ್ ಥೆಲೆನ್‌ಗೆ ಅನುಮಾನ ಬಂತು. ಈಕೆ ಮೊದಲು ಕಣಜದ ಹುಳು ಮೈ ಉಜ್ಜಿಕೊಳ್ಳುವುದನ್ನು ನೋಡುತ್ತ ಕೂತಿದ್ದ ಜೀವವಿಜ್ಞಾನಿ. ಹಾಗಾಗಿ ಚಲನೆಯ ಲಯ ಹಿಡಿಯುವ ಕಣ್ಣಿತ್ತು. ನೆಟ್ಟಗೆ ಹಿಡಿದಾಗ ಹೆಜ್ಜೆ ಹಾಕದ ಅದೇ ಮಗು ಅಂಗಾತ ಮಲಗಿಸಿದರೆ ಕಾಲು ಝಾಡಿಸುತ್ತದೆ ಅಲ್ವಾ? ಎರಡನ್ನೂ ಅಳೆದು ನೋಡಿದರೆ ಚಲನೆ ಒಂದೇ! ಮಲಗಿದಾಗ ಇರುವ ಚಲನೆಯನ್ನು ನಿಂತಾಗ ಮಾತ್ರ ಮಿದುಳು ಯಾಕೆ ಅದುಮಿಡುತ್ತದೆ?

1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಥೆಲೆನ್ ತಂಡ ಮಕ್ಕಳನ್ನು ನೀರಿನ ತೊಟ್ಟಿಯಲ್ಲಿ ಎದೆಮಟ್ಟ ಇಳಿಸಿ ಹಿಡಿಯಿತು. ನೀರಿನಲ್ಲಿ ಹೆಜ್ಜೆಗಳು ಜಾಸ್ತಿಯಾದವು. ಇನ್ನೂ ಹೆಜ್ಜೆ ಹಾಕುತ್ತಿದ್ದ ಮಕ್ಕಳ ಕಾಲಿಗೆ ಸಣ್ಣ ತೂಕ ಕಟ್ಟಿದಾಗ ಹೆಜ್ಜೆಗಳು ಕಡಿಮೆಯಾದವು. ಬಾವಿಯಿಂದ ನೀರು ಸೇದಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕೊಡ ನೀರೊಳಗಿರುವಷ್ಟು ಹೊತ್ತು ಹಗುರ, ಮೇಲೆ ಬಂದ ಕೂಡಲೇ ಕೈ ಜಗ್ಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ತೊಡೆಯಲ್ಲಿ ಕೊಬ್ಬು ಬೇಗ ತುಂಬುತ್ತದೆ, ಸ್ನಾಯು ಅಷ್ಟು ಬೇಗ ಬಲಿಯುವುದಿಲ್ಲ. ಮಲಗಿದಾಗ ಕಾಲು ಎತ್ತುವುದಕ್ಕಿಂತ ನಿಂತಾಗ ಎತ್ತುವುದು ಕಷ್ಟ. ಹೆಜ್ಜೆ ಎಲ್ಲೂ ಹೋಗಿರಲಿಲ್ಲ, ಕಾಲಿನ ಭಾರದ ಕೆಳಗೆ ಸಿಕ್ಕಿತ್ತು.

ಇದರ ಅರ್ಥ ದೊಡ್ಡದು. ನಡಿಗೆ ಎಂಬುದು ಮಿದುಳಿನ ಒಂದು ಮೂಲೆಯಲ್ಲಿ ಮೊದಲೇ ಬರೆದಿಟ್ಟದ್ದಲ್ಲ. ನರ ಬೇಕು ನಿಜ. ಜೊತೆಗೆ ಕಾಲಿನ ತೂಕ, ಸ್ನಾಯುವಿನ ಬಲ, ಸಮತೋಲ, ನೆಲ, ಅಭ್ಯಾಸ, ಆಚೆ ಕಾಣುವ ಆಟಿಕೆಯ ಆಸೆ ಎಲ್ಲ ಸೇರಬೇಕು. ಇವುಗಳಲ್ಲಿ ಯಾವುದು ಹಿಂದೆ ಬಿದ್ದಿದೆಯೋ ಅದಕ್ಕಾಗಿ ಉಳಿದವು ಕಾಯುತ್ತವೆ. ಗುಂಡಗಿನ ಮಗುವಿನಲ್ಲಿ ಒಂದು, ಸಪೂರ ಮಗುವಿನಲ್ಲಿ ಇನ್ನೊಂದು.

ನೆಲ ಎಂದೆ. ಅಮೆರಿಕದ ಡೆನ್ವರ್‌ನಲ್ಲಿ 1993ರಲ್ಲಿ, ಮುಂದೆ ಇಸ್ರೇಲಿನ ಹೈಫಾದಲ್ಲಿ ನಡೆದ ಅಧ್ಯಯನಗಳಲ್ಲಿ ಚಳಿಗಾಲ, ವಸಂತದಲ್ಲಿ ಹುಟ್ಟಿದ ಮಕ್ಕಳು ಉಳಿದವರಿಗಿಂತ ಕೆಲವು ವಾರ ಮೊದಲೇ ತೆವಳಿದ್ದು ಕಂಡುಬಂತು. ಅವರಿಗೆ ತೆವಳುವ ವಯಸ್ಸು ಬಂದದ್ದು ಬೇಸಿಗೆ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳಲ್ಲಿ. ಮೈಮೇಲೆ ಬಟ್ಟೆ ಕಡಿಮೆ, ನೆಲದ ಮೇಲೆ ಹೊತ್ತು ಜಾಸ್ತಿ. ನಮ್ಮ ಘಟ್ಟದ ಮೇಲಿನ ಮಳೆಗಾಲ ನೆನೆಸಿಕೊಳ್ಳಿ. ಆಷಾಢದಲ್ಲಿ ನೆಲ ತಣ್ಣಗೆ ಜಿಬಿಜಿಬಿ, ಮಗುವಿಗೆ ಸ್ವೆಟರು, ಕುಲಾವಿ, ಮೇಲೊಂದು ಕಂಬಳಿ. ತೊಟ್ಟಿಲು ಬಿಟ್ಟರೆ ಅಜ್ಜಿಯ ಮಡಿಲು. ಆ ಮಗು ಯಾವಾಗ ತೆವಳಬೇಕು ಪಾಪ? ಅದನ್ನು ಕಾರ್ತಿಕದಲ್ಲಿ ಬೆಚ್ಚಗಿನ ಜಗಲಿಯಲ್ಲಿ ಬಿಟ್ಟ ಮಗುವಿನ ಜೊತೆ ಹೋಲಿಸುವುದು ನ್ಯಾಯವೇ ಅಲ್ಲ ಅನಿಸುತ್ತದೆ ನನಗೆ.

ಅಭ್ಯಾಸ ಎಷ್ಟು ಬೇಕು ಎನ್ನುವುದಕ್ಕೂ ಲೆಕ್ಕವಿದೆ. ನ್ಯೂಯಾರ್ಕಿನ ಮನೋವಿಜ್ಞಾನಿ ಕರೆನ್ ಅಡಾಲ್ಫ್ ತಂಡ 2012ರಲ್ಲಿ ಎಣಿಸಿದಂತೆ, ಆಟದಲ್ಲಿರುವ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತದೆ, 17 ಸಲ ಬೀಳುತ್ತದೆ. ಆ ಬೀಳುವಿಕೆಯೂ ಪಾಠದ ಭಾಗವೇ. ವಾಕರ್ ಅದನ್ನೇ ತಪ್ಪಿಸುತ್ತದೆ. ಮಗು ತುದಿಗಾಲಲ್ಲಿ ನೂಕುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ, ಬೀಳದಂತೆ ಹಿಡಿಯುವ ಕೆಲಸವನ್ನು ಚೌಕಟ್ಟು ಮಾಡುತ್ತದೆ. ಜೊತೆಗೆ ಜಗಲಿಯಿಂದ ಅಂಗಳಕ್ಕೆ ಮೆಟ್ಟಿಲಿರುವ ನಮ್ಮ ಮನೆಗಳಲ್ಲಿ ಅದು ಸುಮ್ನೆ ಅಪಾಯ. ಕೆನಡಾ 2004ರಲ್ಲೇ ವಾಕರ್ ಮಾರಾಟ ನಿಷೇಧಿಸಿದೆ.

ಮಾತು ಬೇಗ ಬರಲಿ ಎಂದು ಬಜೆ ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚುವವರಿಗೆ ಇಲ್ಲೇ ಒಂದು ಮಾತು. ಜೇನು ಎಷ್ಟೇ ಶುದ್ಧವಿರಲಿ, ಅದರಲ್ಲಿ ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಗೊಡುವುದಿಲ್ಲ, ಹಸುಗೂಸಿನ ಕರುಳಿಗೆ ಆ ಶಕ್ತಿ ಇಲ್ಲ. ಸ್ನಾಯುಗಳೇ ಸೋತುಹೋಗಬಹುದು. ವರ್ಷ ತುಂಬುವವರೆಗೆ ಜೇನು ಬೇಡ.

ಹಾಗಂತ "ಎಲ್ಲಾ ಮಕ್ಕಳೂ ಅವರವರ ಹೊತ್ತಿಗೆ ನಡೀತ" ಎಂದು ಕೂತುಬಿಡುವುದೂ ತಪ್ಪು. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ನಾಲ್ಕೈದು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಸದ್ದಿಗೆ ತಿರುಗದಿದ್ದರೆ, ವರ್ಷದೊಳಗೇ ಒಂದೇ ಕೈ ಬಳಸುತ್ತಿದ್ದರೆ ವೈದ್ಯರಿಗೆ ತೋರಿಸಿ. ಕಲಿತದ್ದನ್ನು ಮಗು ಮರೆಯತೊಡಗಿದರೆ ಒಂದು ದಿನವೂ ತಡಮಾಡಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ವಯಸ್ಸನ್ನು ಎರಡು ವರ್ಷದವರೆಗೆ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಬಂದ ಹನ್ನೆರಡು ತಿಂಗಳ ಮಗುವಿನ ಲೆಕ್ಕ ಹತ್ತು ತಿಂಗಳು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳ ಬೆಳವಣಿಗೆಯನ್ನು ಪುಕ್ಕಟೆ ತಪಾಸಣೆ ಮಾಡುತ್ತವೆ. ಯಾವತ್ತು ಬರುತ್ತಾರೆಂದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ, ಹುಟ್ಟಿದಾಗಿನ ತೂಕ ಅದರಲ್ಲಿರುತ್ತದೆ.