ಪದ ಪರಿಚಯ: ಮೆಡಿಕಲ್ ಕೋಡಿಂಗ್

ಮೆಡಿಕಲ್ ಕೋಡಿಂಗ್ ಎಂದರೆ ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಎಂದು ಹೇಳಿ ಕಾರವಾರ, ಶಿರಸಿಯ ಪದವೀಧರರನ್ನು ಕೋರ್ಸಿಗೆ ಸೇರಿಸುವುದು ಇನ್ನೂ ನಿಂತಿಲ್ಲ. ಈ ಕೆಲಸಕ್ಕೂ ಪ್ರೋಗ್ರಾಮಿಂಗಿಗೂ ಸಂಬಂಧವಿಲ್ಲ. ವೈದ್ಯರು ಬರೆದದ್ದನ್ನು ಓದಿ, ಆ ಕಾಯಿಲೆಗೆ ಜಗತ್ತೆಲ್ಲ ಒಪ್ಪಿದ ಪಟ್ಟಿಯಲ್ಲಿ ಯಾವ ಸಂಕೇತವಿದೆಯೋ ಅದನ್ನು ಹಚ್ಚುವುದೇ ಕೋಡಿಂಗ್.

ಗೊಂದಲವೆಲ್ಲ 'ಕೋಡ್' ಪದದ್ದು. ಲ್ಯಾಟಿನ್ನಿನ 'ಕಾಡೆಕ್ಸ್' ಅಂದರೆ ಮರದ ಕಾಂಡ. ಮೇಣ ಬಳಿದ ಮರದ ಹಲಗೆಗಳನ್ನು ಸೇರಿಸಿ ಕಟ್ಟಿದ ಪುಸ್ತಕ 'ಕೋಡೆಕ್ಸ್' ಆಯಿತು. ಮುಂದೆ ಕಾನೂನಿನ ಸಂಗ್ರಹಕ್ಕೂ ಅದೇ ಹೆಸರು ಬಂತು. ಸಿವಿಲ್ ಪ್ರೊಸೀಜರ್ ಕೋಡ್ ಎನ್ನುವಾಗ ನಾವು ಹೇಳುವುದು ಅದನ್ನೇ. ತಂತಿ ಕಳಿಸುವ ಕಾಲದಲ್ಲಿ ಇಡೀ ವಾಕ್ಯಕ್ಕೆ ಒಂದು ಪದ ಇಡುವ ಕೋಡ್ ಪುಸ್ತಕಗಳು ಬಂದವು. ಮೆಡಿಕಲ್ ಕೋಡ್ ಈ ಪುಸ್ತಕಗಳ ವಂಶದ್ದು. ಸಾವಿನ ಕಾರಣಗಳ ಅಂತಾರಾಷ್ಟ್ರೀಯ ಪಟ್ಟಿಯನ್ನು ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಝಾಕ್ ಬರ್ಟಿಯೋ ಮುಂದಿಟ್ಟದ್ದು 1893ರಲ್ಲಿ. ಆಗ ಕಂಪ್ಯೂಟರೇ ಇರಲಿಲ್ಲ. ಅದೇ ಪಟ್ಟಿ ಬೆಳೆದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ, ಅಂದರೆ ಕಾಯಿಲೆಗಳ ಅಂತಾರಾಷ್ಟ್ರೀಯ ವರ್ಗೀಕರಣ, ಆಯಿತು. ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಕೆಳಗಿನ ಉದಾಹರಣೆಗಳು ಹತ್ತನೆಯದರವು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪ್ಯಾಕೇಜ್ ಕೋಡ್ ಬೇರೆ. ಅದು ಚಿಕಿತ್ಸೆಯ ದರಕ್ಕೆ, ಐಸಿಡಿ ಕಾಯಿಲೆಯ ವರ್ಗೀಕರಣಕ್ಕೆ. ಎರಡನ್ನೂ 'ಕೋಡ್ ಹಾಕೋದು' ಎಂದು ಬಿಡುವುದರಿಂದ ಬಿಲ್ಲಿಂಗ್ ಕೌಂಟರಿನವರನ್ನೇ ಕೋಡರ್ ಎಂದುಕೊಳ್ಳುತ್ತಾರೆ.

ಇನ್ನು 'ಆಟೋ ಕೋಡಿಂಗ್'. ದಾಖಲೆ ಡಿಜಿಟಲ್ ಆದರೆ ಕೋಡ್ ತಾನಾಗಿ ಬೀಳುತ್ತದೆ ಎಂಬ ನಂಬಿಕೆ ದುಬಾರಿ ಬೀಳುತ್ತದೆ. ಕೇಸ್ ಶೀಟ್ ಸ್ಕ್ಯಾನ್ ಮಾಡಿ ಪಿಡಿಎಫ್ ಇಟ್ಟರೆ ಅದು ಫೋಟೊ; ವೈದ್ಯರ ಕೈಬರಹವನ್ನು ಯಂತ್ರ ನೆಚ್ಚುವಂತೆ ಓದಲಾರದು. ರೋಗನಿರ್ಣಯ, ಲ್ಯಾಬ್ ಫಲಿತಾಂಶ, ಔಷಧಿ ಒಂದೊಂದೂ ತನ್ನದೇ ಕಾಲಂನಲ್ಲಿ ಕೂತಿರಬೇಕು. ಆಮೇಲೆ ಯಂತ್ರ ಬರಹದಲ್ಲಿ ಕಾಯಿಲೆಯ ಹೆಸರು ಹುಡುಕುತ್ತದೆ, 'ಇಲ್ಲ' ಎಂದದ್ದನ್ನೂ ಮನೆಯವರಿಗೆ ಇದ್ದದ್ದನ್ನೂ ಬದಿಗಿಡುತ್ತದೆ, ಉಳಿದದ್ದಕ್ಕೆ ಸಂಕೇತ ಸೂಚಿಸುತ್ತದೆ. ಒಪ್ಪುವುದು ಬಿಡುವುದು ಕೋಡರ್ ಕೆಲಸ.

ಕೆಡುವುದೂ ಇದೇ ಹಂತಗಳಲ್ಲಿ. 'ತಾಯಿಗೆ ಸಕ್ಕರೆ ಕಾಯಿಲೆ' ಎಂದಿದ್ದರೆ ಝಡ್83.3, ಅಂದರೆ ಮನೆಯವರಿಗೆ ಸಕ್ಕರೆ ಕಾಯಿಲೆ, ಬರಬೇಕು; ಯಂತ್ರ ಎಡವಿದರೆ ರೋಗಿಗೇ ಇ11, ಅಂದರೆ ಟೈಪ್ 2 ಸಕ್ಕರೆ ಕಾಯಿಲೆ, ಅಂಟುತ್ತದೆ. ಮುಂದಿನ ಸಲ ಹಳೆಯ ನೋಟನ್ನು ಕಾಪಿ ಮಾಡಿ ಹಾಕಿದರೆ, ಇಲ್ಲದ ಸಕ್ಕರೆ ಕಾಯಿಲೆ ಅವರ ದಾಖಲೆಯಲ್ಲಿ ಕಾಯಂ. 'ಎಂಎಸ್' ಎಂದಷ್ಟೇ ಬರೆದರೆ ಹೃದಯದ ಮೈಟ್ರಲ್ ಸ್ಟೆನೋಸಿಸ್ಸೋ ನರಗಳ ಮಲ್ಟಿಪಲ್ ಸ್ಕ್ಲೆರೋಸಿಸ್ಸೋ?

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೆಚ್ಚು ತಾಗುವುದು ಅನುಮಾನ ಸೂಚಿಸುವ ಪ್ರಶ್ನಾರ್ಥಕ ಚಿಹ್ನೆ. ಸಿದ್ದಾಪುರದ ಕಡೆಯಿಂದ ಜ್ವರ ಎಂದು ಬಂದವರ ಚೀಟಿಯಲ್ಲಿ '?ಕೆಎಫ್‌ಡಿ' ಎಂದಿರುತ್ತದೆ. ಕೆಎಫ್‌ಡಿ ಅಂದರೆ ಮಂಗನ ಕಾಯಿಲೆ, ಅದರ ಸಂಕೇತ ಎ98.2. ಚಿಹ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶ ಅದನ್ನೇ ಹಚ್ಚಿಬಿಡುತ್ತದೆ. ಹೊರರೋಗಿಯ ಚೀಟಿಯಲ್ಲಿ ಲ್ಯಾಬ್ ವರದಿ ಬರುವ ತನಕ ಆರ್50.9, ಅಂದರೆ ಕಾರಣ ತಿಳಿಯದ ಜ್ವರ, ಎಂದಿರುವುದೇ ಸುರಕ್ಷಿತ. ವರದಿ ನೆಗೆಟಿವ್ ಬಂದ ಮೇಲೂ ಎ98.2 ಉಳಿದರೆ, ಇಲ್ಲದ ರೋಗಿಯೊಬ್ಬ ತಾಲೂಕಿನ ಲೆಕ್ಕಕ್ಕೆ ಸೇರುತ್ತಾನೆ.

ಅಡಿಕೆ ಗೊನೆ ಕೊಯ್ಯುವ ಕೊನೆಗೌಡನೊಬ್ಬ ಮರದಿಂದ ಬಿದ್ದು ತೊಡೆ ಮೂಳೆ ನಡುವೆ ಮುರಿದುಕೊಂಡ ಎನ್ನಿ. ಮೂಳೆಗೆ ಎಸ್72.3. ಬಿದ್ದ ಬಗೆಗೆ ಡಬ್ಲ್ಯು14, ಮರದಿಂದ ಬಿದ್ದದ್ದು. ತೋಟದಲ್ಲಿ ಎಂದು ತೋರಿಸಲು ಡಬ್ಲ್ಯು14.7. ಡ್ಯೂಟಿ ಡಾಕ್ಟರು ಅವಸರದಲ್ಲಿ 'ಎತ್ತರದಿಂದ ಬಿದ್ದದ್ದು' ಎಂದಷ್ಟೇ ಟೈಪಿಸಿದರೆ ಯಂತ್ರ ಡಬ್ಲ್ಯು17ಕ್ಕೆ, ಇತರೆ ಎತ್ತರದಿಂದ ಬಿದ್ದವರ ರಾಶಿಗೆ, ತಳ್ಳುತ್ತದೆ. ಚಿಕಿತ್ಸೆಗೆ ಇದರಿಂದ ವ್ಯತ್ಯಾಸವಿಲ್ಲ. ಆದರೆ ಶಿರಸಿ ಸೀಮೆಯಲ್ಲಿ ಕೊನೆ ಕೊಯ್ಯುವಾಗ ಬಿದ್ದವರೆಷ್ಟು ಎಂದು ನಾಳೆ ಯಾರಾದರೂ ಲೆಕ್ಕ ಕೇಳಿದರೆ ಈತ ಅದರಲ್ಲಿ ಸಿಗುವುದಿಲ್ಲ. ಆ ಒಂದು ಪದ, 'ಮರದಿಂದ', ನೋಟಿನಲ್ಲೇ ಇಲ್ಲದಿದ್ದರೆ ಯಾವ ತಂತ್ರಾಂಶವೂ ಅದನ್ನು ಹುಟ್ಟಿಸಲಾರದು. ಕ್ಯಾಶುವಾಲಿಟಿಯ ಫಾರಂನಲ್ಲಿ ಬಿದ್ದ ಜಾಗಕ್ಕೂ ಬಿದ್ದ ಬಗೆಗೂ ಬೇರೆ ಬೇರೆ ಕಾಲಂ ಇಟ್ಟು, ಎರಡನ್ನೂ ತುಂಬದೆ ಮುಂದಿನ ಪುಟ ತೆರೆಯದಂತೆ ಮಾಡುವುದು ತಂತ್ರಾಂಶ ಕೊಳ್ಳುವ ಮೊದಲೇ ಕೇಳಬೇಕಾದ ಸೌಲಭ್ಯ.