ಇಲಿಯ ಕಾಲಿಗೆ ಹತ್ತಿದ ಮದ್ದು: ಬಿಪಿಸಿ-157ರ ಹಿನ್ನೆಲೆ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುವವರಿಗೂ ಬೀದರ, ಯಾದಗಿರಿಯ ಕಬಡ್ಡಿ ಆಟಗಾರರಿಗೂ ಹಿಮ್ಮಡಿ, ಮೊಣಕಾಲಿನ ನೋವು ಹೊಸದಲ್ಲ. ಅದಕ್ಕೆ ಮೊಬೈಲಿನಲ್ಲಿ ಮದ್ದು ಹುಡುಕಿದರೆ ಈಗ ಬಿಪಿಸಿ-157 ಎಂಬ ಪೆಪ್ಟೈಡ್ (ಪ್ರೋಟೀನಿನಂಥದೇ ಸಣ್ಣ ತುಣುಕು) ಎದುರಾಗುತ್ತದೆ.

ಇದರ ಹುಟ್ಟು ಹೊಟ್ಟೆಯಲ್ಲಿ. 1990ರ ದಶಕದ ಆರಂಭದಲ್ಲಿ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಪ್ರೆಡ್ರಾಗ್ ಸಿಕಿರಿಚ್ ಅವರ ತಂಡ, ಜಠರರಸದ ಪ್ರೋಟೀನಿನದೆಂದು ಹೇಳಿ 15 ಅಮೈನೋ ಆಮ್ಲಗಳ ಈ ತುಣುಕನ್ನು ಪರಿಚಯಿಸಿತು. 2003ರಲ್ಲಿ ಇಲಿಗಳ ಅಕಿಲೀಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಗಟ್ಟಿ ನಾರು), 2010ರಲ್ಲಿ ಮೊಣಕಾಲಿನ ಒಳಬದಿಯ ಲಿಗಮೆಂಟ್ (ಮೂಳೆಗೆ ಮೂಳೆ ಬಿಗಿಯುವ ನಾರು) ಕತ್ತರಿಸಿ ನೋಡಿದಾಗ, ಮದ್ದು ಪಡೆದ ಇಲಿಗಳಲ್ಲಿ ಗಾಯ ಚೆನ್ನಾಗಿ ಕೂಡಿತು.

ಟೆಂಡನ್‌ಗೆ ರಕ್ತನಾಳ ಕಡಿಮೆ. ಗಾಯದ ಮೇಲೆ ಮೊದಲು ಬರುವ ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ದುರ್ಬಲ. ಅದು ಗಟ್ಟಿ ಬಗೆಗೆ ಬದಲಾಗಲು ತಿಂಗಳುಗಳೇ ಬೇಕು. ಹೊಸ ರಕ್ತನಾಳ ಬೆಳೆಸುವುದೇ ಪೆಪ್ಟೈಡಿನ ಬಲ ಎನ್ನುತ್ತಾರೆ. ಆದರೆ ಕ್ಯಾನ್ಸರ್ ಗೆಡ್ಡೆಗಳು ಬೆಳೆಯುವುದೂ ಹೊಸ ರಕ್ತನಾಳಗಳಿಂದಲೇ, ಆತಂಕ ಅಲ್ಲಿದೆ. ಮೇಲಾಗಿ ಬ್ಲೇಡಿನಿಂದ ಆಗಷ್ಟೇ ಕೊಯ್ದ ಎಳೆಯ ಇಲಿಯ ಟೆಂಡನ್ ಬೇರೆ, ವರ್ಷಗಟ್ಟಲೆ ಸವೆದ ಮನುಷ್ಯನ ಟೆಂಡನ್ ಬೇರೆ. ಮನುಷ್ಯರ ಮೊಣಕಾಲು ನೋವಿನ ಬಗ್ಗೆ 2021ರಲ್ಲಿ ಬಂದ ವರದಿಯಲ್ಲಿ ಇದ್ದದ್ದು 16 ಜನ, ಹೋಲಿಕೆಗೆ ಬೇರೆ ಗುಂಪೇ ಇರಲಿಲ್ಲ. ಇಷ್ಟನ್ನೇ ನಂಬಿ ಈ ಮದ್ದಿನ ಸೂಜಿ ಚುಚ್ಚಿಕೊಳ್ಳುವುದು ಸರಿಯಲ್ಲ.

2022ರಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಇದನ್ನು ನಿಷೇಧಿಸಿತು. ಡೋಪ್ ಪರೀಕ್ಷೆಗೆ ಒಳಪಡುವ ಆಟಗಾರನ ವೃತ್ತಿಯೇ ಹೋದೀತು. ಆನ್‌ಲೈನ್‌ನಲ್ಲಿ ‘ಸಂಶೋಧನೆಗೆ ಮಾತ್ರ’ ಎಂದು ಬರೆದು ಮಾರುವ ಬಾಟಲಿಯ ಪುಡಿ ಎಷ್ಟು ಶುದ್ಧ ಎಂಬುದಕ್ಕೆ ಯಾರ ಖಾತ್ರಿಯೂ ಇಲ್ಲ. ಬ್ಯಾಕ್ಟೀರಿಯಾದ ವಿಷ ಉಳಿದಿದ್ದರೆ ಚಳಿಜ್ವರ, ಒಂದೇ ಬಾಟಲಿಗೆ ಮತ್ತೆ ಮತ್ತೆ ಸೂಜಿ ಹಾಕಿದರೆ ಕೀವು. ನೀರು ಬೆರೆಸಿದ ಮೇಲೆ ಅದು ಫ್ರಿಜ್ಜಿನ ತಂಪಿನಲ್ಲಿರಬೇಕು. ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಕರೆಂಟ್ ಹೋದರೆ ಅದೂ ಕಷ್ಟ.

ಅಕಿಲೀಸ್ ನೋವಿಗೆ ಮನುಷ್ಯರ ಮೇಲೇ ಪರೀಕ್ಷಿಸಿದ ದಾರಿಯೊಂದಿದೆ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮವಿದು. ಮೆಟ್ಟಿಲಂಚಿನಲ್ಲಿ ಎರಡೂ ಕಾಲಿನಿಂದ ತುದಿಗಾಲಿಗೆ ಏರಿ, ನೋವಿನ ಕಾಲೊಂದರ ಮೇಲೆ ಮೆಲ್ಲಗೆ ಹಿಮ್ಮಡಿ ಇಳಿಸಬೇಕು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸುತ್ತು, ಬಾಗಿಸಿ ಮತ್ತೆ ಮೂರು ಸುತ್ತು; ಬೆಳಿಗ್ಗೆ-ಸಂಜೆ ಸೇರಿ ದಿನಕ್ಕೆ 180, ಹೀಗೆ 12 ವಾರ. ಸುಲಭವೆನಿಸಿದರೆ ಬೆನ್ನಿನ ಚೀಲಕ್ಕೆ ಭಾರ ಹಾಕಬೇಕು. ನೋವು ಇಳಿಯಿತೆಂದು ಮೂರನೇ ವಾರಕ್ಕೇ ಬಿಟ್ಟರೆ ಅದು ಮರಳಬಹುದು. ನೋವು ಹಿಮ್ಮಡಿ ಮೂಳೆಯ ಹತ್ತಿರವೇ ಇದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸದೆ ಸಮನೆಲದಲ್ಲೇ ಮಾಡಬೇಕು.

‘ಟಪ್’ ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಟೆಂಡನ್ ಹರಿದಿರಬಹುದು. ಅಂದೇ ಮೂಳೆ ವೈದ್ಯರ ಬಳಿ ಹೋಗಬೇಕು. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದ್ದರೆ ಅದನ್ನೂ ತಿಳಿಸಿ, ಅವು ಟೆಂಡನ್ ಹರಿಯುವ ಅಪಾಯ ಹೆಚ್ಚಿಸುತ್ತವೆ.