ಅಳಿವೆಯ ಪಾಠ ಯಾರು ಹೇಳಬೇಕು?

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ನದಿಯ ಅಳಿವೆ ರಾಮ್ಸರ್ ತಾಣಗಳ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ, ಪಟ್ಟಿಗೆ ಸೇರಿತು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಈ 4,801 ಹೆಕ್ಟೇರ್ ಜೌಗುನೆಲಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ಮೇಲೆ, ಇದರ ಬಗ್ಗೆ ಶಾಲೆಯಲ್ಲಿ ಕಲಿಸಬೇಕು ಎಂಬ ಮಾತಿಗೆ ಹೊಸ ಬಲ ಬಂದಿದೆ. ಆದರೆ ಏನನ್ನು ಕಲಿಸಬೇಕು? ಒಬ್ಬರಿಗೆ ಅಳಿವೆ ಎಂದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಇನ್ನೊಬ್ಬರಿಗೆ ವಲಸೆ ಹಕ್ಕಿ, ಮತ್ತೊಬ್ಬರಿಗೆ ಕೋಟೆ ಮತ್ತು ಉಪ್ಪಿನ ಆಗರ. ಈ ಗೋಜಲು ಇಂದು ನಿನ್ನೆಯದಲ್ಲ.

ಶಾಲೆಗಿಂತ ಮೊದಲೇ ಇಲ್ಲಿ ಪಾಠವಿತ್ತು. ನೀರು ಇಳಿದಾಗ ತಾಯಂದಿರ ಹಿಂದೆ ಕೆಸರಿಗಿಳಿದ ಮಕ್ಕಳು ಬೆಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಲೇ, ಯಾವ ಚಿಪ್ಪು ಸಿಹಿನೀರು ಬೆರೆಯುವ ಮೇಲ್ಭಾಗದಲ್ಲಿ ಸಿಗುತ್ತದೆ, ಯಾವುದು ಸಮುದ್ರದ ಬಾಯಿಯ ಹತ್ತಿರ ಎಂದು ತಿಳಿಯುತ್ತಿದ್ದರು. ಅಳಿವೆಯಂಚಿನ ಉಪ್ಪುನೆಲದ ಗದ್ದೆಯಾದ ಗಜನಿಯ ಮನೆಗಳಲ್ಲಿ ಕಗ್ಗದ ಪಾಠ. ಕಗ್ಗ ಉಪ್ಪುನೀರನ್ನೂ ನೆರೆಯನ್ನೂ ತಾಳುವ ಭತ್ತ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಬಿತ್ತನೆ, ಮಳೆಗಾಲ ಮುಗಿದ ಮೇಲೆ ಕೊಯ್ಲು. ಆಮೇಲೆ ಉಪ್ಪುನೀರು ತಡೆಯುವ ಕಟ್ಟೆಯ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಟ್ಟೆ ಒಂದು ಕಡೆ ಒಡೆದರೂ ಎಲ್ಲರ ಗದ್ದೆಗೂ ಉಪ್ಪು ನುಗ್ಗುವುದರಿಂದ ಅದನ್ನು ಕಾಯುವುದು ಊರಿನ ಕೆಲಸ. ಜೀವಶಾಸ್ತ್ರ, ಬೇಸಾಯ, ಒಟ್ಟಾಗಿ ಬಾಳುವ ಕಟ್ಟಳೆ ಎಲ್ಲವೂ ಒಂದೇ ಪಾಠದಲ್ಲಿದ್ದವು.

ಕೋಟೆಯಿರುವ ಮಿರ್ಜಾನದ ಕಡೆಯಿಂದ ಕಾಳುಮೆಣಸು ಹಡಗೇರಿತು, ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಬೆಳೆಯಿತು, 1930ರ ಏಪ್ರಿಲ್ 13ರಂದು ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು, 1956ರಲ್ಲಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿತು. ಇಷ್ಟೆಲ್ಲ ಆಗುವಾಗಲೂ ಶಾಲೆಯೊಳಗೆ ಅಳಿವೆ ಎಂದರೆ ನದಿ ಕಡಲು ಸೇರುವ ಜಾಗ, ಅಷ್ಟೇ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಪರಿಸರ ಪ್ರಜ್ಞೆಗೆ ಒತ್ತು ಕೊಟ್ಟಿತು. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರ ನವೆಂಬರ್ 22ರಂದು ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡುವಂತೆ ಹೇಳಿತು. 2001ರ ಹೊತ್ತಿಗೆ ರಾಷ್ಟ್ರೀಯ ಹಸಿರು ಪಡೆ ಬಂತು, ಶಾಲೆ ಶಾಲೆಗಳಲ್ಲಿ ಇಕೋ ಕ್ಲಬ್ ಹುಟ್ಟಿದವು.

ಇಕೋ ಕ್ಲಬ್‌ಗಳ ಈ ಕಾಲವನ್ನು ಸ್ವಲ್ಪ ನಿಂತು ನೋಡಬೇಕು. ಕರಾವಳಿಯಲ್ಲಿ ಇದರ ಅತಿ ಜನಪ್ರಿಯ ರೂಪ ಕಾಂಡ್ಲಾ ನೆಡುವುದು. ಕಾಂಡ್ಲಾದ ಬೀಜ ತಾಯಿಮರದ ಮೇಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತಾಡುತ್ತದೆ. ಅದನ್ನು ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಚೂಪು ತುದಿ ಕೆಳಗೆ ಮಾಡಿ ಊರಿದರೆ ಆಯಿತು. ಆ ಹೊತ್ತಿನ ಮಕ್ಕಳ ಮುಖ ನೋಡಿದವರು ಯಾರೂ ಅದು ಬೇಡ ಎನ್ನಲಾರರು. ಬೇರಿನ ಸಂದಿಯಲ್ಲಿ ಮೀನುಮರಿ ಅಡಗುವುದು, ದಂಡೆ ಕೊಚ್ಚಿಹೋಗದಂತೆ ಬೇರು ತಡೆಯುವುದು, ಇದನ್ನೆಲ್ಲ ತೋರಿಸಿ ಹೇಳಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ತೊಡಕು ಬೇರೆ ಕಡೆ ಇತ್ತು. ಎಷ್ಟು ಸಸಿ ನೆಟ್ಟೆವು ಎಂಬುದನ್ನು ಎಣಿಸಿ ವರದಿ ಬರೆಯಬಹುದು, ಮಗು ಏನನ್ನು ನೋಡಿತು ಎಂಬುದನ್ನು ಹಾಗೆ ಬರೆಯಲಾಗದು. ಹೀಗಾಗಿ ಅಳಿವೆಯ ಪಾಠ ಮೆಲ್ಲಗೆ ಮರದ ಪಾಠವಾಯಿತು. ಇಳಿತದಲ್ಲಿ ಬರಿದಾಗಿ ಕಾಣುವ ಕೆಸರು ಬಯಲು ಬೆಳಚು ಬದುಕುವ ನೆಲ, ದೂರದಿಂದ ಬರುವ ಉಲ್ಲಂಕಿ ಹಕ್ಕಿಗಳು ಹುಳು ಹುಪ್ಪಟೆ ಹೆಕ್ಕುವ ನೆಲ. ಅದನ್ನು ಖಾಲಿ ಜಾಗ ಎಂದುಕೊಂಡು ಅಲ್ಲೇ ಸಸಿ ಊರಿದರೆ ಒಂದು ಜೀವಲೋಕದ ಮೇಲೆ ಇನ್ನೊಂದನ್ನು ಹೇರಿದಂತೆ. ಎಲ್ಲಿ ನೆಡಬಾರದು ಎಂಬುದೂ ಪಾಠದ ಭಾಗ ಎಂಬ ಅರಿವು ತಡವಾಗಿ ಬಂತು, ಇನ್ನೂ ಎಲ್ಲ ಕಡೆ ಬಂದಿಲ್ಲ.

ಮತ್ತೊಂದು ತೊಡಕು ಗಡಿಯಾರದ್ದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಶಾಲೆಯ ವೇಳಾಪಟ್ಟಿ ಸರಿಯುವುದಿಲ್ಲ. ಶನಿವಾರ ಹತ್ತು ಗಂಟೆಗೆ ಎಂದು ಮೊದಲೇ ಗೊತ್ತುಮಾಡಿದ ಭೇಟಿ ಭರತದ ಹೊತ್ತಿಗೆ ಬಿದ್ದರೆ ಮಕ್ಕಳಿಗೆ ಕಾಣುವುದು ತುಂಬಿದ ನೀರು ಮಾತ್ರ. ಬೆಳಚಿಲ್ಲ, ಏಡಿಯ ಬಿಲವಿಲ್ಲ, ಹಕ್ಕಿಯ ಹೆಜ್ಜೆಯಿಲ್ಲ. ಬಯಲುಸೀಮೆಯಿಂದ ವರ್ಗವಾಗಿ ಬಂದ ಶಿಕ್ಷಕಿಗೆ ಇದು ತಿಳಿದಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಹಿಂದಿನ ಬೆಂಚಿನಲ್ಲಿ ಕುಳಿತ, ಬೆಳಿಗ್ಗೆ ಬೆಳಚು ಹೆಕ್ಕಿ ಬಂದ ಹುಡುಗಿಗೆ ಇದು ಚೆನ್ನಾಗಿ ಗೊತ್ತು. ಅವಳನ್ನು ಕೇಳುವ ಅವಕಾಶ ಪಾಠದ ಯೋಜನೆಯಲ್ಲಿ ಇಲ್ಲ.

ಪಾಠದಿಂದ ಹೊರಗುಳಿದ ಇನ್ನೊಂದು ಭಾಗ ಜಗಳಗಳದ್ದು. 1970ರ ದಶಕದಲ್ಲಿ ಗಜನಿಗೆ ಸರ್ಕಾರದಿಂದ ಶಾಶ್ವತ ಕಟ್ಟೆಗಳು ಬಂದವು, ಕಾಯುವ ಹೊಣೆ ಊರಿನ ಕೈಯಿಂದ ಜಾರತೊಡಗಿತು. 1990ರ ದಶಕದಲ್ಲಿ ಸಿಗಡಿ ಕೃಷಿಯ ಭರಾಟೆ, ಬೆನ್ನಿಗೇ ರೋಗ. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕವಲ್ಲದ ಸಿಗಡಿ ಸಾಕಣೆಗೆ ತಡೆ ಹಾಕಿತು. ಹತ್ತು ವರ್ಷದ ಮೇಲೆ ಅಳಿವೆಯ ದಡದ ತದಡಿಯಲ್ಲಿ 4000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು, ಜನರ ವಿರೋಧದಿಂದ ಹಿಂದೆ ಸರಿಯಿತು. ಅದೇ ಅವಧಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳಿವೆಯ ಮೀನು, ಬೆಳಚು, ಕಾಂಡ್ಲಾಗಳನ್ನು ದಾಖಲಿಸಿ, ಅವು ಎಷ್ಟು ಮನೆಗಳ ಒಲೆ ಉರಿಸುತ್ತವೆ ಎಂದು ಲೆಕ್ಕ ಹಾಕಿದರು. ಪುಸ್ತಕಗಳಲ್ಲಿ ಹಕ್ಕಿ ಮತ್ತು ಕೋಟೆ ಸುಲಭವಾಗಿ ಬರುತ್ತವೆ, ಈ ಕಥೆ ಬರುವುದಿಲ್ಲ. ಇದನ್ನು ಬಿಟ್ಟರೆ ಅಳಿವೆ ತಾನಾಗಿಯೇ ಉಳಿದುಬಂದಿದೆ ಎಂದೇ ಮಕ್ಕಳು ತಿಳಿಯುತ್ತಾರೆ.

2020ರ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಕಲಿಕೆಯನ್ನು ಸೂಚಿಸಿತು. ಆ ನೀತಿಯ ಬಗ್ಗೆ ರಾಜ್ಯದಲ್ಲಿ ಭಿನ್ನಮತವಿದೆ, ಆದರೆ ಮಕ್ಕಳು ಹೊರಗೆ ಹೋಗಿ ಕಲಿಯಬೇಕು ಎಂಬುದಕ್ಕೆ ಯಾರ ತಕರಾರೂ ಇಲ್ಲ. ಆ ದಿನಗಳನ್ನು ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತ ನೋಡಿ ಗೊತ್ತುಮಾಡಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಕೆಸರು ಬಲ್ಲ ಹೆಂಗಸರು ಬೇಕು. ಆದರೆ ಮಕ್ಕಳಿಗೆ ಹೇಳಿಕೊಡಲು ನಿಂತರೆ ಅವರ ಒಂದು ಇಳಿತದ ದುಡಿಮೆ ಹೋಗುತ್ತದೆ. ಅಳಿವೆಯ ನಿರ್ವಹಣೆಗೆ ಯೋಜನೆ ಬರೆಯುವಾಗ ಶಾಲೆಗಳ ಭೇಟಿಯ ವೆಚ್ಚದಲ್ಲಿ ಬಸ್ಸು, ಊಟದ ಜೊತೆಗೆ ಅವರ ಸಂಭಾವನೆಯನ್ನೂ ಸೇರಿಸಬೇಕು.